ಹಿಂದ್ ಸೈಕಲ್ ಮತ್ತು ಇಂಚಿಗೆ 24 ಥ್ರೆಡ್ಡು

1980ರಲ್ಲಿ ನಮ್ಮ ಸಂಸತ್ತು ಎರಡು ಸೈಕಲ್ ಕಾರ್ಖಾನೆಗಳಿಗೆಂದೇ ಒಂದು ಕಾಯ್ದೆ ಮಾಡಿತ್ತು ಎಂದರೆ ಇಂದಿನ ಹುಡುಗರು ನಕ್ಕಾರು. ಹಿಂದ್ ಸೈಕಲ್ಸ್ ಲಿಮಿಟೆಡ್ ಮತ್ತು ಸೆನ್-ರ‍್ಯಾಲಿ ಲಿಮಿಟೆಡ್ ರಾಷ್ಟ್ರೀಕರಣ ಕಾಯ್ದೆ ಎಂದು ಅದರ ಹೆಸರು. ಬ್ಯಾಂಕು, ಕಲ್ಲಿದ್ದಲು ಗಣಿಗಳ ಹಿಂದೆಯೇ ಸೈಕಲ್ಲೂ ಸರ್ಕಾರದ ಸೊತ್ತಾಯಿತು. ಸೆನ್-ರ‍್ಯಾಲಿ ಬಂಗಾಳದ ಆಸನ್‌ಸೋಲ್ ಕಡೆಯದು. ಹಿಂದ್ ಮಾತ್ರ ನಮ್ಮ ಮುಂಬೈಯದೇ, ವರ್ಲಿಯ ಬಟ್ಟೆ ಗಿರಣಿಗಳ ನಡುವಿನದು. ಕಾರ್ಖಾನೆಯ ಸದ್ದು ನಿಂತು ವರ್ಷಗಳಾದರೂ ವರ್ಲಿಯಲ್ಲಿ ಹಿಂದ್ ಸೈಕಲ್ ರೋಡ್ ಎಂಬ ವಿಳಾಸ ಉಳಿದುಕೊಂಡಿದೆ. ಅಲ್ಲಿನ ಆಫೀಸುಗಳಿಗೆ ಪಾರ್ಸೆಲ್ ತಲುಪಿಸುವವರಿಗೆ ಅದೊಂದು ಹೆಸರು, ಅಷ್ಟೆ.

ಹಿಂದ್ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಹೊಸ್ತಿಲಿನಲ್ಲಿ. ಅದಕ್ಕೆ ಮುಂಚೆ ಇಲ್ಲಿ ಓಡುತ್ತಿದ್ದ ಸೈಕಲ್ಲುಗಳು ಬಹುತೇಕ ಹಡಗಿನಲ್ಲಿ ಬಂದವು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮ್ ಕಡೆಯ ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್ ಮುಂಬೈ ಬಂದರಿನಲ್ಲಿ ಇಳಿದು ಒಳನಾಡಿಗೆ ಹೋಗುತ್ತಿದ್ದವು. ಈ ದಾರಿಯಲ್ಲಿ ನಮ್ಮ ಬೆಳಗಾವಿಗೂ ಒಂದು ಪಾಲಿದೆ. ಮುಂಬೈಯ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟರಾಗಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇಲ್ಲಿಂದ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು, ಅಲ್ಲಿ ಅಣ್ಣ ರಾಮಣ್ಣ ಮಾರುತ್ತಿದ್ದರು. ನೇಗಿಲು, ಪಂಪು, ಇಂಜಿನ್ನುಗಳ ಕಿರ್ಲೋಸ್ಕರ್ ಸಾಮ್ರಾಜ್ಯ ಶುರುವಾದದ್ದು ಆ ಸೈಕಲ್ ಅಂಗಡಿಯಿಂದಲೇ. ಲಕ್ಷ್ಮಣರಾಯರು ಕಲಿಸುತ್ತಿದ್ದ ಆ ಸಂಸ್ಥೆ ಆಮೇಲೆ ಬೈಖಳಾದಿಂದ ಮಾಟುಂಗಕ್ಕೆ ಬಂತು. ನಮ್ಮವರ ಹೋಟೆಲು, ಸಂಘಗಳಿಂದ ನಡೆದೇ ಹೋಗುವಷ್ಟು ದೂರ.

ಯುದ್ಧದಲ್ಲಿ ಇಂಗ್ಲೆಂಡಿನ ಸೈಕಲ್ ಕಾರ್ಖಾನೆಗಳು ಮದ್ದುಗುಂಡಿನ ಕೆಲಸಕ್ಕೆ ತಿರುಗಿದವು, ಆಮದು ಸೊರಗಿತು. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಮಾಲಿನ ಮೇಲೆ ಸುಂಕದ ಗೋಡೆ ಎದ್ದಿತು. ವಿಲಾಯತಿ ಕಂಪನಿಗಳು ಇಲ್ಲಿಯವರ ಜೊತೆ ಕೈಜೋಡಿಸಿದವು. ಮದ್ರಾಸಿನ ಬಳಿ ಅಂಬತ್ತೂರಿನಲ್ಲಿ 1949ರಲ್ಲಿ ಮುರುಗಪ್ಪ ಮನೆತನದ ಟಿಐ ಸೈಕಲ್ಸ್ ಬಂತು, ಸೋನೆಪತ್‌ನಲ್ಲಿ 1951ರಲ್ಲಿ ಅಟ್ಲಾಸ್ ಬಂತು. ಇವರೆಲ್ಲರಿಗಿಂತ ಮೊದಲು ಹಾದಿ ತುಳಿದದ್ದು ಹಿಂದ್. ಮೊದಲಿಗನಾಗುವುದರಲ್ಲಿ ಒಂದು ಕಷ್ಟವಿದೆ. ಬಿಡಿಭಾಗ ಮಾಡಿಕೊಡುವವರು ಅಕ್ಕಪಕ್ಕದಲ್ಲಿ ಇಲ್ಲದ ಕಾಲದಲ್ಲಿ ಬಹುಪಾಲನ್ನು ತಾನೇ ಮಾಡಿಕೊಳ್ಳಬೇಕಿತ್ತು.

ಹಾಗೆ ಮಾಡುವುದೆಂದರೆ ಏನೆಂದು ನೋಡಬೇಕಾದರೆ ಹಳೆಯ ಕರಿ ಸೈಕಲ್ಲಿನ ಫ್ರೇಮಿನ ಮೂಲೆಯನ್ನು ನೋಡಿ. ಎರಡು ಪೈಪು ಸೇರುವಲ್ಲಿ ಅಂಗಿಯ ತೋಳಿನಂಥ ಒಂದು ಕವಚ ಕಾಣುತ್ತದೆ, ಅದು ಲಗ್ಗು. ಪೈಪನ್ನು ಲಗ್ಗಿನೊಳಗೆ ತೂರಿಸಿ ಕೆಂಪಗೆ ಕಾಯಿಸುತ್ತಾರೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಹಿತ್ತಾಳೆಗೆ 900ರ ಆಸುಪಾಸು ಸಾಕು. ಆದ್ದರಿಂದ ಉಕ್ಕು ಗಟ್ಟಿಯಾಗಿಯೇ ಇರುತ್ತದೆ, ಹಿತ್ತಾಳೆ ಮಾತ್ರ ನೀರಾಗಿ ಪೈಪಿಗೂ ಲಗ್ಗಿಗೂ ನಡುವಿನ ಕೂದಲೆಳೆಯಷ್ಟು ಸಂದಿಗೆ ತಾನಾಗಿಯೇ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಸಂದಿ ಹೆಚ್ಚಾದರೆ ಹಿತ್ತಾಳೆ ಏರದು, ತೀರ ಬಿಗಿಯಾದರೆ ಒಳಗೆ ನುಗ್ಗದು. ಲೋಹದ ಮೇಲೆ ಎಣ್ಣೆಯೋ ತುಕ್ಕೋ ಇದ್ದರೆ ಅಂಟದು. ಇದು ಬ್ರೇಜಿಂಗ್. ಹೊರಗಿನಿಂದ ನೋಡಿದರೆ ಒಳ್ಳೆಯ ಬೆಸುಗೆಗೂ ಕಳಪೆ ಬೆಸುಗೆಗೂ ವ್ಯತ್ಯಾಸ ತಿಳಿಯುವುದು ಕಷ್ಟ, ಮೇಲೆ ಕಪ್ಪು ಬಣ್ಣ ಬಳಿದ ಮೇಲಂತೂ ಕೇಳಬೇಡಿ. ಸೈಕಲ್ಲಿಗೆ ಹೆಸರು ಬರುತ್ತಿದ್ದದ್ದು ಹೀಗೆ ಕಾಣದ ಕಡೆ ಮಾಡಿದ ಕೆಲಸದಿಂದ. ಕೊಳ್ಳುವವನಿಗೆ ಒಳಗನ್ನು ನೋಡಲಾಗದು, ಅವನು ಹ್ಯಾಂಡಲ್ ಕೆಳಗಿನ ಬಿಲ್ಲೆಯನ್ನು ನಂಬುತ್ತಾನೆ.

ಕ್ರೋಮಿನ ಕಥೆ ಬೇರೆ. ಅದು ಎಲ್ಲರಿಗೂ ಕಾಣುತ್ತದೆ, ವರ್ಲಿಯಲ್ಲಿ ಬೇಗನೆ ಕಾಣುತ್ತದೆ. ರಿಮ್ಮಿಗೆ ಮೊದಲು ನಿಕ್ಕಲ್, ಅದರ ಮೇಲೆ ತೆಳುವಾಗಿ ಕ್ರೋಮಿಯಂ ಹಾಕುತ್ತಾರೆ. ಕ್ರೋಮಿಯಂ ಗಟ್ಟಿ, ಹೊಳಪು, ಆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಸಮುದ್ರದ ಗಾಳಿಯ ಉಪ್ಪು ಆ ಬಿರುಕಿನಲ್ಲಿ ಇಳಿಯುತ್ತದೆ. ಕೆಳಗಿನ ನಿಕ್ಕಲ್ಲಿನಲ್ಲಿ ಎಲ್ಲಾದರೂ ತೂತಿದ್ದರೆ ಮುಗಿಯಿತು, ಉಕ್ಕು ಕೆಂಪು ಚುಕ್ಕೆಯಾಗಿ ಮೇಲೆ ಬರುತ್ತದೆ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಹಳೆಯ ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮುಖವನ್ನು, ಅಂದರೆ ಕಡ್ಡಿಗಳ ಕಡೆಯ ಮುಖವನ್ನು ಒತ್ತುತ್ತದೆ. ಚಕ್ರ ಸ್ವಲ್ಪ ಬೆಂಡಾಗಿದ್ದರೂ ಅದಕ್ಕೆ ತಕರಾರಿಲ್ಲ, ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದ್ದು. ಆದರೆ ಒದ್ದೆ ಕ್ರೋಮಿನ ಮೇಲೆ ರಬ್ಬರಿನ ಹಿಡಿತ ತೀರ ಕಡಿಮೆ. ಜುಲೈಯಲ್ಲಿ ಇಳಿಜಾರಿನಲ್ಲಿ ಬಂದವರು ಬ್ರೇಕಿಗಿಂತ ಚಪ್ಪಲಿಯನ್ನೇ ನಂಬುತ್ತಿದ್ದರು.

ಈಗ ಥ್ರೆಡ್ಡಿನ, ಅಂದರೆ ಸ್ಕ್ರೂವಿನ ಸುರುಳಿ ಗೀರಿನ ವಿಷಯ. ನನ್ನ ಮಟ್ಟಿಗೆ ಹಿಂದ್ ಸೈಕಲ್ಲಿನ ಬದುಕೂ ಸಾವೂ ಇದರೊಳಗೇ ಇದೆ.

ಮಾಟುಂಗದ ಒಂದು ಉಡುಪಿ ಹೋಟೆಲಿನ ಹಿಂಬಾಗಿಲಲ್ಲಿ ಈಚಿನವರೆಗೂ ಒಂದು ಹಿಂದ್ ಇತ್ತು. ಮಾರ್ಕೆಟ್ಟಿನಿಂದ ಬಾಳೆಲೆ, ತೆಂಗಿನಕಾಯಿ ತರಲು ಅದೇ. “ಇದು ನಮ್ಮ ದೊಡ್ಡಮಾವ ತೆಗೆದದ್ದು ಮಾರಾಯ್ರೇ, ಅವರು ಹೋಗಿಯೂ ಆಯ್ತು, ಇದು ಹೋಗುವುದಿಲ್ಲ” ಎಂದು ಗಲ್ಲೆಯಲ್ಲಿ ಕೂತವರು ಹೇಳುತ್ತಿದ್ದರು. ಒಂದು ದಿನ ಅದರ ಪೆಡಲ್ ಬಿಚ್ಚಲು ಹೊಸ ಹುಡುಗ ಸ್ಪ್ಯಾನರ್ ಹಾಕಿ ಎಳೆಯುತ್ತಿದ್ದ, ಅದು ಇನ್ನಷ್ಟು ಬಿಗಿಯಾಗುತ್ತಿತ್ತು. ಎಡ ಪೆಡಲ್! ಅದರ ಥ್ರೆಡ್ಡು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಜಗತ್ತಿನ ಯಾವ ಸೈಕಲ್ಲೇ ಆಗಲಿ ಹೀಗೆಯೇ.

ಯಾಕೆ ಎಂದು ಕೇಳಿದರೆ ಹಲವರು ಹೇಳುವ ಉತ್ತರ: ಪೆಡಲ್ ತಿರುಗುವಾಗ ಬೇರಿಂಗಿನ ಘರ್ಷಣೆಗೆ ಬಿಚ್ಚಿಕೊಳ್ಳದಿರಲಿ ಎಂದು. ಲೆಕ್ಕ ಹಾಕಿ ನೋಡಿದರೆ ಘರ್ಷಣೆ ಅದನ್ನು ಬಿಚ್ಚುವ ಕಡೆಗೇ ಎಳೆಯುತ್ತದೆ! ಬಿಗಿ ಮಾಡುವುದು ಬೇರೆಯೇ ಒಂದು ಶಕ್ತಿ. ಎಷ್ಟು ಬಿಗಿ ಮಾಡಿದರೂ ಪೆಡಲ್ಲಿನ ಅಚ್ಚು ತಾನು ಕೂರುವ ಕ್ರ್ಯಾಂಕಿನ (ಪೆಡಲ್ ಸಿಕ್ಕಿಸಿದ ಸುತ್ತುವ ತೋಳಿನ) ತೂತಿಗಿಂತ ಒಂದಿಷ್ಟು ಸಣ್ಣದೇ. ಕಾಲು ಯಾವಾಗಲೂ ಕೆಳಕ್ಕೆ ತುಳಿಯುತ್ತದೆ, ಕ್ರ್ಯಾಂಕು ಸುತ್ತುತ್ತಿರುತ್ತದೆ. ಕ್ರ್ಯಾಂಕಿನ ಕಡೆಯಿಂದ ನೋಡಿದರೆ ಒತ್ತುವ ಜಾಗವೇ ತೂತಿನ ಸುತ್ತ ಹರಿದಾಡುತ್ತದೆ. ಅಚ್ಚು ತೂತಿನ ಒಳಗೋಡೆಯ ಮೇಲೆ ಉರುಳುತ್ತಾ, ಒತ್ತಡ ಸುತ್ತುವುದಕ್ಕೆ ಎದುರು ದಿಕ್ಕಿನಲ್ಲಿ ಸಾವಕಾಶ ತಿರುಗುತ್ತದೆ. ನಂಬಿಕೆ ಬಾರದಿದ್ದರೆ ಹೆಬ್ಬೆರಳು, ತೋರುಬೆರಳುಗಳನ್ನು ಬಳೆಯಂತೆ ಮಾಡಿ ಒಳಗೆ ಪೆನ್ಸಿಲ್ ಸಡಿಲವಾಗಿ ನಿಲ್ಲಿಸಿ, ಅದರ ತುದಿಯನ್ನು ವೃತ್ತಾಕಾರವಾಗಿ ಒತ್ತುತ್ತಾ ಹೋಗಿ. ಪೆನ್ಸಿಲ್ ತನ್ನಷ್ಟಕ್ಕೆ ಎದುರು ಸುತ್ತುತ್ತದೆ. ಘರ್ಷಣೆಗಿಂತ ಈ ಉರುಳಾಟದ ಬಲ ದೊಡ್ಡದು. ಅದು ಎರಡು ಕಡೆಯೂ ಪೆಡಲನ್ನು ಬಿಗಿ ಮಾಡಲಿ ಎಂದೇ ಎಡಕ್ಕೆ ಎಡ ಥ್ರೆಡ್ಡು.

ಪೆಡಲ್ಲಿಗೆ ಇಂಚಿಗೆ 20 ಥ್ರೆಡ್ಡು, ಅಚ್ಚಿನ ವ್ಯಾಸ ಇಂಚಿನ 16ರಲ್ಲಿ 9 ಪಾಲು. ಕ್ರ್ಯಾಂಕಿನ ಅಚ್ಚು ಕೂರುವ, ಫ್ರೇಮಿಗೆ ತಿರುಗಿಸಿ ಕೂರಿಸುವ ಬಟ್ಟಲಿನಂಥ ಕಪ್ಪಿಗೆ ಇಂಚಿಗೆ 24. ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಇಂಚು. ಇವೆಲ್ಲ ಇಂಗ್ಲೆಂಡಿನಲ್ಲಿ ಗಟ್ಟಿಯಾದ ಅಳತೆಗಳು. ನಮ್ಮವರು ಆ ಸೈಕಲ್ಲನ್ನು ತಂದಾಗ ಅದರ ಅಳತೆಗಳನ್ನೂ ಒಟ್ಟಿಗೆ ತಂದರು. ಹೀಗೆ ಅಳತೆ ಎಲ್ಲರಿಗೂ ಗೊತ್ತಿರುವಾಗ ಪೆಡಲ್ ಮಾಡುವವನಿಗೆ ಸೈಕಲ್ ಕಾರ್ಖಾನೆ ಬೇಕಾಗಿಲ್ಲ. ಒಂದು ಲೇತು, ಒಂದು ಶೆಡ್ಡು ಸಾಕು.

ಲೂಧಿಯಾನ ಕಂಡುಕೊಂಡದ್ದು ಇದನ್ನೇ. ಒಂದು ಗಲ್ಲಿಯಲ್ಲಿ ಬೆಲ್ಲು, ಪಕ್ಕದ್ದರಲ್ಲಿ ಮಡ್ಗಾರ್ಡು, ಮುಂದಿನದರಲ್ಲಿ ಹಬ್ಬು. ಒಬ್ಬೊಬ್ಬನೂ ಒಂದೊಂದೇ ವಸ್ತುವನ್ನು ಸಾವಿರಗಟ್ಟಲೆ ಮಾಡಿ ಅಗ್ಗವಾಗಿ ಕೊಟ್ಟ. ಬಿಡಿಭಾಗಗಳನ್ನು ಸಣ್ಣ ಕೈಗಾರಿಕೆಗೆ ಬಿಡುವುದು ಸರ್ಕಾರದ ನೀತಿಯೂ ಆಗಿತ್ತು. ಬಿಡಿಭಾಗದ ವ್ಯಾಪಾರದಲ್ಲೇ ಕೈ ಪಳಗಿಸಿಕೊಂಡಿದ್ದ ಮುಂಜಾಲ್ ಸಹೋದರರು 1956ರಲ್ಲಿ ಹೀರೋ ಸೈಕಲ್ ಶುರುಮಾಡಿದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕನೆಂದು ಗಿನ್ನೆಸ್ ದಾಖಲೆ ಸೇರಿತು. ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟುಕೊಂಡು, ಮುಂಬೈಯ ಸಂಬಳ, ಮುಂಬೈಯ ಜಾಗದ ಬೆಲೆ ಹೊತ್ತ ಕಾರ್ಖಾನೆ ಆ ಗಲ್ಲಿಗಳೆದುರು ಎಲ್ಲಿ ನಿಲ್ಲಬೇಕು? ಮುಂಬೈಯಲ್ಲಿ ಕಾರ್ಖಾನೆ ಮುಚ್ಚಿದಾಗಲೆಲ್ಲ ಕೆಲವರು ಯೂನಿಯನ್ನನ್ನು ಬೈಯುತ್ತಾರೆ, ಕೆಲವರು ಸರ್ಕಾರವನ್ನು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದ್ದೀತು. ಆದರೆ ಸೈಕಲ್ಲಿನಂಥ ಯಂತ್ರದಲ್ಲಿ ಸೋಲು ಅಳತೆಯೊಳಗೇ ಕೂತಿತ್ತು ಎಂದು ನನಗನ್ನಿಸುತ್ತದೆ. ಯಾರು ಬೇಕಾದರೂ ಮಾಡಬಹುದಾದ ವಸ್ತುವನ್ನು ಒಬ್ಬನೇ ಕಾಪಾಡಿಕೊಳ್ಳಲಾರ.

ಎಪ್ಪತ್ತರ ದಶಕಕ್ಕೆ ಹಿಂದ್ ರೋಗಗ್ರಸ್ತ ಉದ್ದಿಮೆ ಎನಿಸಿಕೊಂಡಿತು, ಆಡಳಿತ ಸರ್ಕಾರದ ಕೈಗೆ ಹೋಯಿತು. 1980ರ ಕಾಯ್ದೆಯ ನಂತರ ವರ್ಲಿಯದು ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಆಯಿತು, ಆಸನ್‌ಸೋಲಿನದು ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ. ಹೆಸರು ಬದಲಾದರೂ ಹಣೆಬರಹ ಬದಲಾಗಲಿಲ್ಲ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದ ನಂತರ ಸುತ್ತಲಿನ ಬಟ್ಟೆ ಗಿರಣಿಗಳೂ ಒಂದೊಂದಾಗಿ ಬೀಗ ಹಾಕಿಕೊಂಡವು. ಶತಮಾನ ಬದಲಾಗುವ ಹೊತ್ತಿಗೆ ವರ್ಲಿಯ ಸೈಕಲ್ ಕೆಲಸವೂ ಮುಗಿದಿತ್ತು.

ರ‍್ಯಾಲಿಯವರು ಈ ಅಪಾಯವನ್ನು ಮೊದಲೇ ಕಂಡಿದ್ದರೋ ಏನೋ. ನಾಟಿಂಗ್‌ಹ್ಯಾಮಿನಲ್ಲಿ ಅವರು ತಮ್ಮ ಸೈಕಲ್ಲಿನ ಕ್ರ್ಯಾಂಕಿನ ಕಪ್ಪಿಗೆ ಇಂಚಿಗೆ 24ರ ಬದಲು 26 ಥ್ರೆಡ್ಡು ಇಟ್ಟರು. ಒಂದು ಥ್ರೆಡ್ಡಿಗೆ ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇಲ್ಲದ ವ್ಯತ್ಯಾಸ, ಒಂದೆರಡು ಸುತ್ತಿನ ಮಟ್ಟಿಗೆ ಹೊರಗಿನ ಕಪ್ಪೂ ಒಳಹೋಗುತ್ತದೆ, ಆಮೇಲೆ ಕಚ್ಚಿಕೊಂಡು ನಿಲ್ಲುತ್ತದೆ. ಒತ್ತಾಯ ಮಾಡಿದರೆ ಫ್ರೇಮಿನ ಥ್ರೆಡ್ಡೇ ಹಾಳು. ರ‍್ಯಾಲಿಗೆ ರ‍್ಯಾಲಿಯದೇ ಕಪ್ಪು ಬೇಕು. ನಾಟಿಂಗ್‌ಹ್ಯಾಮಿನ ಆ ಕಾರ್ಖಾನೆಯೂ ಈಗಿಲ್ಲ, ಹಾಗಾಗಿ ಹಳೆಯ ರ‍್ಯಾಲಿ ಇಟ್ಟುಕೊಂಡವರು ಎಷ್ಟೋ ಸಲ ಅಂಥದೇ ಇನ್ನೊಂದು ಮುರುಕು ಸೈಕಲ್ ಹುಡುಕಿ ಅದರಿಂದ ಕಪ್ಪು ಬಿಚ್ಚಿಕೊಳ್ಳಬೇಕಾಗುತ್ತದೆ. ಮಾಟುಂಗದ ಹಿಂದ್‌ಗೆ ಕಪ್ಪು ಸವೆದಾಗ ಹೋಟೆಲಿನವರು ಹತ್ತಿರದ ಸೈಕಲ್ ಅಂಗಡಿಯಿಂದ ಲೂಧಿಯಾನದ್ದೇ ಒಂದನ್ನು ತರಿಸಿ ಹಾಕಿಸಿದರು, ಮರುದಿನ ಬೆಳಿಗ್ಗೆ ಬಾಳೆಲೆ ಅದರ ಮೇಲೆಯೇ ಬಂತು.