ಪ್ಯಾನ್ ಕಾರ್ಡಿನ ಝೆರಾಕ್ಸ್ ಕೊಟ್ಟು ಮರೆತಿದ್ದೀರಾ?

ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಬಂದವರ ಎಐಎಸ್ (ತೆರಿಗೆ ಇಲಾಖೆ ಇಟ್ಟಿರುವ ಅವರ ವಾರ್ಷಿಕ ವಹಿವಾಟಿನ ಪಟ್ಟಿ) ತೆರೆದಾಗ ಒಮ್ಮೊಮ್ಮೆ ಅವರಿಗೇ ಗೊತ್ತಿಲ್ಲದ ವಹಿವಾಟು ಕಾಣಿಸುತ್ತದೆ. ಸಂಬಳ ಬಿಟ್ಟರೆ ಬೇರೆ ಆದಾಯವೇ ಇಲ್ಲ, ಆದರೆ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಇದೆ, ಲಕ್ಷಗಟ್ಟಲೆ ವ್ಯಾಪಾರ ಇದೆ! ಯಾರೋ ಅವರ ಪ್ಯಾನ್, ಫೋಟೋ, ಕರೆಂಟ್ ಬಿಲ್ ಇಟ್ಟುಕೊಂಡು ಅಂಗಡಿಯೇ ಇಲ್ಲದ ಅಂಗಡಿಯೊಂದನ್ನು ನೋಂದಾಯಿಸಿರುತ್ತಾರೆ. ಸರಕು ಸಾಗಿಸದೆ ಬರೀ ಬಿಲ್ ಬರೆದು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಗೆ ಸಿಗುವ ರಿಯಾಯಿತಿ) ಹೊಡೆಯುವುದು ಅವರ ಕೆಲಸ. ನೋಟಿಸ್ ಮಾತ್ರ ನಿಮ್ಮ ಮನೆಗೆ ಬರುತ್ತದೆ.

ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅನ್ನುವುದು ಈಗ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಚಿಂತೆ ಆಗುವುದು ನಾವೇ ಕೈಯಾರೆ ಹಂಚುವ ಕಾಗದಗಳ ಬಗ್ಗೆ. ಬಾಡಿಗೆ ಮನೆಗೆ ಒಂದು ಪ್ರತಿ, ಸಿಮ್‌ಗೆ ಒಂದು, ಲಾಡ್ಜ್‌ಗೆ ಒಂದು, ಸಾಲ ಕೊಡಿಸುತ್ತೇನೆ ಅಂದ ಏಜೆಂಟನಿಗೆ ಇಡೀ ಕಟ್ಟು. ಝೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್ ಅಲ್ಲಿನ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ ಅಲ್ವಾ? ಪ್ರಿಂಟ್ ಆದ ಮೇಲೆ ಎದುರೇ ನಿಂತು ಅಳಿಸಿಸಿ, ಇದಕ್ಕೆ ಸಂಕೋಚ ಬೇಡ. ಪ್ರತಿಯ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿರಿ ಅಂತ ಬರೆದು ಸಹಿ ಹಾಕಿ. ಅಕ್ಷರಗಳು ಫೋಟೋ ಮತ್ತು ನಂಬರ್ ಮೇಲೆ ಹಾಯ್ದು ಹೋಗಲಿ, ಅಂಚಿನಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಬರೀ ಗುರುತು ತೋರಿಸಬೇಕಾದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ, ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಬೆರಳಚ್ಚಿನ ವಿಷಯ ಇನ್ನೂ ಗಂಭೀರ. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಎಇಪಿಎಸ್ (ಆಧಾರ್ ಆಧಾರಿತ ಪಾವತಿ ವ್ಯವಸ್ಥೆ) ಮೂಲಕ ಒಟಿಪಿ ಇಲ್ಲದೆಯೇ ಖಾತೆಯಿಂದ ಹಣ ತೆಗೆಯಬಹುದು. ಹಳ್ಳಿಯ ಹಿರಿಯರಿಗೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗಲಿ ಅಂತ ಮಾಡಿದ ಒಳ್ಳೆಯ ವ್ಯವಸ್ಥೆ ಇದು. ಆದರೆ 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಹಣ ತೆಗೆದ ದೂರುಗಳು ಪೊಲೀಸರ ಬಳಿ ಬಂದವು. ಕ್ರಯಪತ್ರ ಮಾಡಿಸಿದವರೆಲ್ಲ ಬೆರಳು ಒತ್ತಿಯೇ ಇರುತ್ತೇವೆ. ಹಾಗಾಗಿ ಯುಐಡಿಎಐನ ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವ ಮೊದಲು ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು, ಒಟಿಪಿಯಿಂದ ಆಗುವ ಕೆಲಸಗಳಿಗೆ ಲಾಕ್ ಅಡ್ಡ ಬರುವುದಿಲ್ಲ. ಅಪ್ಪ ಅಮ್ಮನ ಫೋನಿನಲ್ಲೂ ಇದನ್ನು ನೀವೇ ಕೂತು ಮಾಡಿಕೊಡಿ, ದಯವಿಟ್ಟು.

ಎಷ್ಟೇ ಜಾಗ್ರತೆ ಮಾಡಿದರೂ ಹಿಂದೆ ಕೊಟ್ಟ ಪ್ರತಿಗಳನ್ನು ವಾಪಸ್ ತರಲು ಆಗುವುದಿಲ್ಲ. ಅದಕ್ಕೇ ವರ್ಷಕ್ಕೆರಡು ಸಲ ನಮ್ಮ ಹೆಸರು ಎಲ್ಲೆಲ್ಲಿ ಓಡಾಡುತ್ತಿದೆ ಅಂತ ನಾವೇ ನೋಡಬೇಕು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ಸಿಗುತ್ತದೆ, ನಿಮ್ಮದಲ್ಲದ್ದನ್ನು ಅಲ್ಲೇ ಗುರುತಿಸಿ ತಿಳಿಸಬಹುದು. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಹಾಕಿ ಹುಡುಕಬಹುದು. ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅನ್ನುವ 6 ತಿಂಗಳ ಇತಿಹಾಸವೂ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ. ಇನ್ನು ಸಾಲದ ವಿಷಯ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಮ್ಮ ಸಾಲಗಳ ಲೆಕ್ಕ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಸುಮ್ನೆ ಸ್ಕೋರ್ ನೋಡಿ ಮುಚ್ಚಬೇಡಿ. ಕೆಳಗೆ ಯಾರು ಯಾವಾಗ ನಿಮ್ಮ ವರದಿ ತರಿಸಿಕೊಂಡರು ಅನ್ನುವ ಪಟ್ಟಿ ಇರುತ್ತದೆ. ನೀವು ಅರ್ಜಿಯೇ ಹಾಕದ ಕಂಪನಿ ಅಲ್ಲಿದ್ದರೆ ಯಾರೋ ಪ್ರಯತ್ನ ಮಾಡಿದ್ದಾರೆ ಅಂತಲೇ ಲೆಕ್ಕ, ಸಾಲ ಮಂಜೂರಾಗುವ ಮೊದಲೇ ತಡೆಯಲು ಇದು ಒಳ್ಳೆಯ ಸುಳಿವು.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಹೆಸರಲ್ಲಿ ಜಿಎಸ್‌ಟಿ ನೋಂದಣಿ ಅಥವಾ ಸಾಲ ಆಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ಮುಂದೆ ಎಲ್ಲರೂ ಕೇಳುವುದು ಅದನ್ನೇ. ಎಐಎಸ್‌ನಲ್ಲಿ ಆ ಸಾಲಿನ ಎದುರು ಇದು ನನ್ನದಲ್ಲ ಅಂತ ಪ್ರತಿಕ್ರಿಯೆ ದಾಖಲಿಸಿ. ಕ್ರೆಡಿಟ್ ವರದಿಯ ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ನಿಮ್ಮ ದೂರಿನ ಪತ್ರದಲ್ಲೇ ಅದನ್ನು ಬರೆದು ಕೇಳಿ.