ಎದೆ ರೆಡಿ, ಮೊಣಕಾಲು ಇನ್ನೂ ಇಲ್ಲ

ನಲವತ್ತೈದು ದಾಟಿದವರು ಕೆಲಸಕ್ಕೆ ಸೈಕಲ್ ತುಳಿಯಲು ಶುರು ಮಾಡಿದರೆ, ಫಿಸಿಯೋಥೆರಪಿಸ್ಟ್ ಆದ ನನ್ನ ಹತ್ತಿರ ಬರುವುದು ಹೆಚ್ಚಾಗಿ ನಾಲ್ಕನೇ ವಾರದಲ್ಲಿ. ಮೊದಲ ವಾರ ಏದುಸಿರು ಬಿಡುವಾಗ ಯಾರೂ ಬರುವುದಿಲ್ಲ. ಉಸಿರು ಹದಕ್ಕೆ ಬಂದು, ಹುಮ್ಮಸ್ಸು ಏರಿ, ಮುಂದೆ ಹೋಗುತ್ತಿದ್ದ ಹುಡುಗನನ್ನು ಹಿಂದೆ ಹಾಕಿದ ಮೇಲೆ ಬರುತ್ತಾರೆ, ಮೊಣಕಾಲು ಹಿಡಿದುಕೊಂಡು. "ವಯಸ್ಸಾಯ್ತು ಅಲ್ವಾ" ಅಂತ ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ.

ವಯಸ್ಸಿಗಿಂತ ಅವಸರದ ಪಾಲೇ ಜಾಸ್ತಿ. ತುಳಿಯಲು ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ದ್ರವದ ಭಾಗ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಹಾಗಾಗಿ ಏರು ರಸ್ತೆ ಬೇಗ ಸುಲಭ ಅನಿಸುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಟೆಂಡನ್‌ಗೆ ರಕ್ತದ ಹರಿವು ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಸಿದ್ಧ, ಮೊಣಕಾಲು ಇನ್ನೂ ಇಲ್ಲ. ಈ ನಡುವಿನ ಹೊತ್ತಿನಲ್ಲೇ ನೋವು ಹುಟ್ಟುವುದು.

ಇನ್ನೊಂದು ಮೋಸವೂ ಇದೆ. ಇಳಿಜಾರಿನಲ್ಲಿ ನಡೆದರೆ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ, ಮರುದಿನ ಕಾಲು ಹಿಡಿದುಕೊಳ್ಳುತ್ತದೆ. ಸೈಕಲ್‌ನಲ್ಲಿ ಹಾಗೆ ಹಿಗ್ಗುವ ಕೆಲಸ ಇಲ್ಲವೇ ಇಲ್ಲ ಅನ್ನಬಹುದು. ಬೆಳಗ್ಗೆ ಮೈಕೈ ನೋವು ಇರುವುದಿಲ್ಲ. ನೋವಿಲ್ಲ ಅಂದಮೇಲೆ ಇನ್ನಷ್ಟು ತುಳಿಯೋಣ ಅನಿಸುತ್ತದೆ.

ಬಂದವರಿಗೆ ನಾನು ಮೊದಲು ಕೇಳುವುದು ಸೀಟಿನ ವಿಚಾರ. ಸೈಕಲ್ ಮಗನದೋ ಮಗಳದೋ ಆಗಿದ್ದರಂತೂ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಊರಬೇಕು ಅಂತ ಸೀಟು ಕೆಳಗಿಳಿಸಿರುತ್ತಾರೆ. ಆಗ ಪ್ರತಿ ತುಳಿತಕ್ಕೂ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಸರಿಪಡಿಸಲು ದೊಡ್ಡ ವಿದ್ಯೆ ಬೇಡ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತದಲ್ಲ, ಆಗ ಮೊಣಕಾಲು ತಾನಾಗಿ ಸ್ವಲ್ಪ ಬಾಗುತ್ತದೆ. ಅಷ್ಟು ಸಾಕು. ಮೊಣಕಾಲಿನ ಮುಂದೆ ನೋವಿದ್ದರೆ ಸೀಟು ತಗ್ಗಾಗಿದೆಯೇ ಅಂತ ನೋಡುತ್ತೇನೆ, ಹಿಂದೆ ನೋವಿದ್ದರೆ ಎತ್ತರವಾಗಿದೆಯೇ ಅಂತ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಹೆಚ್ಚಾಗಿ ನರ ಒತ್ತುತ್ತಿದೆ ಅಂತ ಅರ್ಥ.

ಆಮೇಲೆ ಗೇರ್. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ತುಳಿದರೆ ಕಾಲು ಬೇಗ ಗಟ್ಟಿಯಾಗುತ್ತದೆ ಅನ್ನುವುದು ಗಂಡಸರಲ್ಲಿ ಜಾಸ್ತಿ ಕಾಣುವ ನಂಬಿಕೆ. ಗಟ್ಟಿಯಾಗುವ ಮೊದಲೇ ಮೊಣಕಾಲು ಕೆಡುತ್ತದೆ. ಹಗುರ ಗೇರಿಗೆ ಹಾಕಿ ನಿಮಿಷಕ್ಕೆ ಎಪ್ಪತ್ತು, ಎಂಬತ್ತು ಸುತ್ತು ತಿರುಗಿಸಿ. ಟೈರಿನ ಗಾಳಿಯನ್ನೂ ನೋಡಿ. ಎಷ್ಟಿರಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ.

ಮೊದಲ ತಿಂಗಳು ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ಹೋಗಲು ಇಪ್ಪತ್ತು, ಬರಲು ಇಪ್ಪತ್ತು ನಿಮಿಷ ಅಂದರೆ ಐದು ದಿನಕ್ಕೆ 200 ಆಯಿತು. ಅಲ್ಲಿಗೆ ನಿಧಾನವಾಗಿ ತಲುಪಿದರಾಯಿತು.

ತೂಕದ ಬಗ್ಗೆ ಮಾತ್ರ ನಾನು ಆಸೆ ಹುಟ್ಟಿಸುವುದಿಲ್ಲ. ಎಪ್ಪತ್ತು ಕೆಜಿಯವರು ದಿನಕ್ಕೆ ನಲವತ್ತು ನಿಮಿಷ ತುಳಿದರೆ ಕರಗುವುದು ಸುಮಾರು 250ರಿಂದ 300 ಕ್ಯಾಲೊರಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಇರುತ್ತದೆ. ವಾರಕ್ಕೆ ಐದು ದಿನ ತುಳಿದು, ಊಟ ಒಂದು ತುತ್ತೂ ಹೆಚ್ಚಾಗದಿದ್ದರೂ ತಿಂಗಳಿಗೆ ಒಂದು ಕೆಜಿ ದಾಟುವುದಿಲ್ಲ. ತಕ್ಕಡಿಗಿಂತ ಬೆಳಗ್ಗೆ ಎದ್ದಾಗಿನ ನಾಡಿ ಎಣಿಸಿ ಬರೆದಿಡಿ, ಬದಲಾವಣೆ ಅಲ್ಲಿ ಬೇಗ ಕಾಣುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ, ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸಾವಿನ ಅಪಾಯ ಶೇ. 41ರಷ್ಟು ಕಡಿಮೆ ಕಂಡಿತ್ತು. ಸೈಕಲ್ ಒಂದರಿಂದಲೇ ಹಾಗಾಯಿತು ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ಸಣ್ಣ ಸಂಖ್ಯೆ ಅಲ್ಲ.

ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಶುರು ಮಾಡುವ ಮೊದಲು ವೈದ್ಯರ ಹತ್ತಿರ ಮಾತಾಡಿ. ಕೆಲವು ಶುಗರ್ ಔಷಧಿ ತೆಗೆದುಕೊಂಡು ತುಳಿದರೆ ಸಕ್ಕರೆ ಅಂಶ ತೀರಾ ಇಳಿಯಬಹುದು. ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ತಗ್ಗಿಸಿಡುವುದರಿಂದ ವಾಚು ತೋರಿಸುವ ಬಡಿತ ನೋಡಿ ಎಷ್ಟು ಶ್ರಮ ಆಗುತ್ತಿದೆ ಅಂತ ಅಳೆಯುವಂತಿಲ್ಲ. ತುಳಿಯುವಾಗ ಎದೆ ಬಿಗಿದರೆ, ದವಡೆಗೋ ತೋಳಿಗೋ ನೋವು ಹರಡಿದರೆ, ತಲೆ ಸುತ್ತಿದರೆ, ಸುಮ್ನೆ ಗ್ಯಾಸ್ ಅಂದುಕೊಂಡು ಮುಂದೆ ಹೋಗಬೇಡಿ. ಅಲ್ಲೇ ಇಳಿದು ಸಹಾಯ ಕರೆಯಿರಿ.

ಕೊನೆಗೆ, ಸೈಕಲ್ ಮಾಡದ ಒಂದು ಕೆಲಸ. ಅದರ ಮೇಲೆ ಕೂತಾಗ ಮೈ ಭಾರ ಹೊರುವುದು ಸೀಟು, ಮೂಳೆಗಳಲ್ಲ. ಬರೀ ಸೈಕಲ್ ತುಳಿದರೆ ಮೂಳೆ ಗಟ್ಟಿಯಾಗುವುದಿಲ್ಲ. ಅದಕ್ಕೇ ನನ್ನ ಹತ್ತಿರ ಬಂದವರಿಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮವನ್ನೂ ಬರೆದುಕೊಡುತ್ತೇನೆ. ಜೊತೆಗೆ, ಸೈಕಲ್ ನಿಲ್ಲಿಸಿದ ಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಲು ಹೇಳುತ್ತೇನೆ. ಮೊಣಕಾಲು ನೋವು ಹೋದ ಮೇಲೆ ಅನ್ನಿ.