ನೂರಕ್ಕೆ ನೂರು ಹೇಳಿ ಡಾಕ್ಟ್ರೇ

ಮಿಕ್ಸಿ ಕೊಂಡರೆ ಗ್ಯಾರಂಟಿ ಕಾರ್ಡ್ ಕೊಡುತ್ತಾರೆ. ಬದುಕಿಗೂ ಅಂಥದ್ದೊಂದು ಕಾರ್ಡಿಗೆ ಸೀಲು ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುವವರು ಜಾಸ್ತಿ. 'ನಂಗೆ ಹಾರ್ಟ್ ಅಟ್ಯಾಕ್ ಆಗಲ್ಲ ಅಂತ ಒಂದ್ಸಲ ಹೇಳಿಬಿಡಿ, ಸಾಕು.' 'ಈ ಹುಡುಗನ ಜೊತೆ ಮಗಳು ಸುಖವಾಗಿ ಇರ್ತಾಳೆ ಅಲ್ವಾ?' 'ಕೆಟ್ಟ ಯೋಚನೆ ಬಂದ್ರೂ ನಾನು ಒಳ್ಳೆಯವನೇ ತಾನೆ?' ನಾನು ಮನಶ್ಶಾಸ್ತ್ರಜ್ಞೆ, ಮಾತ್ರೆ ಬರೆಯುವ ಡಾಕ್ಟರ್ ಅಲ್ಲ ಎಂದರೂ ಯಾರೂ 'ಡಾಕ್ಟ್ರೇ' ಅನ್ನುವುದನ್ನು ಬಿಡುವುದಿಲ್ಲ. ಅದು ಇರಲಿ. ಗ್ಯಾರಂಟಿ ಮಾತ್ರ ಕೊಡುವುದಿಲ್ಲ. ಜಿಪುಣತನಕ್ಕಲ್ಲ. ಕೊಟ್ಟರೆ ನಿಮ್ಮ ತೊಂದರೆ ಇನ್ನೂ ಹೆಚ್ಚುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಡುವಯಸ್ಸು, ಲೆಕ್ಕಪತ್ರದ ಕೆಲಸ, ಆಫೀಸಿನಲ್ಲಿ ಬಹಳ ಅಚ್ಚುಕಟ್ಟು. ರಾತ್ರಿ ಮಲಗುವ ಮುಂಚೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡುತ್ತಾರೆ. ಒಲೆಯ ಒಂದೊಂದು ನಾಬನ್ನೂ ಮುಟ್ಟುತ್ತಾರೆ. ಬಗ್ಗಿ ಮೂಸುತ್ತಾರೆ. ಹಾಸಿಗೆಗೆ ಬಂದು ಐದು ನಿಮಿಷಕ್ಕೆ ಮತ್ತೆ ಎದ್ದು ಹೋಗುತ್ತಾರೆ. ಆಮೇಲೆ ಹೆಂಡತಿಯನ್ನು ಎಬ್ಬಿಸಿ, 'ಗ್ಯಾಸ್ ಆಫ್ ಆಗಿದೆ ತಾನೆ?' ಅವರು ಕಣ್ಣು ಬಿಡದೆ, 'ಆಗಿದೆ ರೀ, ಮಲ್ಕೊಳ್ಳಿ.'

ಇದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. ರೆಗ್ಯುಲೇಟರಿನ ಫೋಟೋ ತೆಗೆದಿಟ್ಟುಕೊಳ್ಳುವುದು. ಫೋನು ತೋರಿಸಿದರು. ಗ್ಯಾಲರಿ ತುಂಬ ರೆಗ್ಯುಲೇಟರ್. ಮೇಲಿಂದ, ಪಕ್ಕದಿಂದ, ಟಾರ್ಚ್ ಬಿಟ್ಟು, ಟಾರ್ಚ್ ಇಲ್ಲದೆ. ನಡುವೆ ಎಲ್ಲೋ ಮಗಳ ಬರ್ತ್‌ಡೇ ಫೋಟೋ ಒಂದು. 'ಇಷ್ಟು ಪುರಾವೆ ಇದೆಯಲ್ಲ, ಈಗ ನಿದ್ದೆ ಬರುತ್ತಾ?' ಅಂತ ಕೇಳಿದೆ. 'ಫೋಟೋ ತೆಗೆದಮೇಲೆ ಯಾರಾದ್ರೂ ಆನ್ ಮಾಡಿರಬಹುದಲ್ವಾ?' ಅಂದರು.

ನೋಡಿದರೆ ಅನುಮಾನ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಒಂದು ಸಲ ನೋಡಿದರೆ ಹೋಗುತ್ತದೆ, ನಿಜ. ಪದೇ ಪದೇ ನೋಡಿದರೆ ಅನುಮಾನ ಹುಟ್ಟುತ್ತದೆ. ನೆದರ್ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದ್ದದ್ದು ಗ್ಯಾಸ್ ಒಲೆಯೇ, ಕಂಪ್ಯೂಟರ್ ಪರದೆಯ ಮೇಲೆ. ಯಾವ ಕಾಯಿಲೆಯೂ ಇಲ್ಲದ ವಿದ್ಯಾರ್ಥಿಗಳಿಂದ ಅದನ್ನು ಮತ್ತೆ ಮತ್ತೆ ಚೆಕ್ ಮಾಡಿಸಿದರು. ಕೊನೆಯ ಸಲ ಯಾವ ನಾಬ್ ನೋಡಿದಿರಿ ಎಂದು ಕೇಳಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ಭರವಸೆ ಕುಸಿದಿತ್ತು. ನೆನಪಿನಶಕ್ತಿಗೆ ಏನೂ ಆಗಿರಲಿಲ್ಲ. ಅದನ್ನು ನಂಬುವ ಧೈರ್ಯ ಹೋಗಿತ್ತು. ಹೆಂಡತಿಯ 'ಆಗಿದೆ ರೀ' ಕೂಡ ಇದೇ ಕೆಲಸ ಮಾಡುತ್ತದೆ. ಇಂಟರ್‌ನೆಟ್ಟಿನಲ್ಲಿ ರೋಗಲಕ್ಷಣ ಹುಡುಕುವುದೂ ಇದೇ.

ನನ್ನ ತಾಳ್ಮೆ ಕೆಡುವುದು ಇದರ ಮುಂದಿನ ಹಂತದಲ್ಲಿ. 'ಇವತ್ತಿನಿಂದ ಒಂದೇ ಸಲ ನೋಡಿ ಮಲಗಿ' ಎನ್ನುತ್ತೇನೆ. ತಕ್ಷಣ ಅವರ ಮುಖ ಅರಳುತ್ತದೆ. 'ಅಂದ್ರೆ ಏನೂ ಆಗಲ್ಲ ಅಂತೀರಾ!' ಅಲ್ಲ. ನಾನು ಹಾಗೆ ಹೇಳಲಿಲ್ಲ. ಆಗುವುದು ತೀರಾ ಅಪರೂಪ, ಆದರೆ ಆಗುವುದೇ ಇಲ್ಲ ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮಲಗಿ, ಅಷ್ಟೇ. 'ಸರಿ, ಆದ್ರೆ ನಿಮಗೆ ಒಳಗೊಳಗೇ ಗೊತ್ತಿರುತ್ತೆ ತಾನೆ?' ಇಲ್ಲಪ್ಪ, ನನಗೂ ಗೊತ್ತಿಲ್ಲ! 'ಪಾಸಿಟಿವ್ ಆಗಿ ಯೋಚನೆ ಮಾಡಿ' ಅನ್ನುವ ಮಾತಿನ ಹಾಗೆ ಇದನ್ನು ತೆಗೆದುಕೊಳ್ಳಬೇಡಿ. ಆ ಮಾತೂ ಇನ್ನೊಂದು ಬಗೆಯ ಗ್ಯಾರಂಟಿಯೇ. ಭಯ ಹೋದಮೇಲೆ ಚೆಕ್ ಮಾಡುವುದನ್ನು ಬಿಡೋಣ ಅಂತ ಕಾದರೆ ಆ ದಿನ ಬರುವುದಿಲ್ಲ. ಭಯ ಇರುವಾಗಲೇ ಬಿಡಬೇಕು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೆಯರ್ 1966ರಲ್ಲಿ ಈ ದಾರಿ ತೋರಿಸಿದರು. ಬೇಡವೆಂದರೂ ಯೋಚನೆ ಕಾಡುವ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಈ ಕಾಯಿಲೆಗೆ ಗೀಳು (ಒಸಿಡಿ) ಎನ್ನುತ್ತಾರೆ. ಅದಕ್ಕೆ ಇವತ್ತಿಗೂ ಮಾತಿನ ಚಿಕಿತ್ಸೆಗಳಲ್ಲಿ ಮೊದಲು ನೆಚ್ಚಿಕೊಳ್ಳುವುದು ಇದನ್ನೇ.

ಗೊತ್ತಿಲ್ಲದಿರುವುದು ಕಷ್ಟ, ನಾನು ಒಪ್ಪುತ್ತೇನೆ. ಲಂಡನ್ನಿನದೇ ಇನ್ನೊಂದು ಪ್ರಯೋಗ, 2016ರದ್ದು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಬಂಡೆ, ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಶಾಕ್. ಶಾಕ್ ಬಂದೇ ಬರುತ್ತದೆ ಎಂದು ಗೊತ್ತಿದ್ದಾಗಿನದಕ್ಕಿಂತ, ಬರಬಹುದು ಬಾರದೆಯೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲೇ ಜನರ ಒತ್ತಡ ಹೆಚ್ಚಿತ್ತು. ಹಾಗಾಗಿ ನಿಮ್ಮನ್ನು ಹೇಡಿ ಅಂತ ಬೈದುಕೊಳ್ಳಬೇಡಿ. ಮನುಷ್ಯರ ಮೈ ಇರುವುದೇ ಹಾಗೆ.

ಆದರೆ ಈ ಕಷ್ಟದ ಮೇಲೆ ನಾವು ಕಟ್ಟಿಕೊಂಡ ನಂಬಿಕೆಗಳನ್ನು ಪ್ರಶ್ನೆ ಮಾಡಬಹುದು. 'ಖಾತ್ರಿ ಇಲ್ಲ ಅಂದ್ರೆ ಅಪಾಯ ಇದೆ ಅಂತಲೇ.' 'ಯೋಚನೆ ಬಂತು ಅಂದ್ರೆ ಸುಮ್ನೆ ಬರಲ್ಲ.' 'ಚಿಂತೆ ಮಾಡದಿದ್ರೆ ನಾನು ಬೇಜವಾಬ್ದಾರಿ ಮನುಷ್ಯ.' ಮೊದಲನೆಯದನ್ನೇ ತೆಗೆದುಕೊಳ್ಳಿ. ಇದೇ ಗ್ಯಾಸಿನ ಸಾಹೇಬರು ದಿನಾ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡಿಸುತ್ತಾರೆ. ಸಂಜೆ ಗಾಡಿಯ ಹತ್ತಿರ ನಿಂತು ಪಾನಿಪುರಿ ತಿನ್ನುತ್ತಾರೆ. 'ಆ ನೀರಿನ ಲ್ಯಾಬ್ ರಿಪೋರ್ಟ್ ಕೇಳಿದ್ರಾ?' ಅಂದೆ. ನಕ್ಕರು. ಖಾತ್ರಿಯಿಲ್ಲದೆ ಬದುಕಲು ಅವರಿಗೆ ಬರುತ್ತದೆ, ಅಡುಗೆಮನೆಯಲ್ಲಿ ಮಾತ್ರ ಬರುತ್ತಿರಲಿಲ್ಲ. ಒಂದು ಎಚ್ಚರಿಕೆ ಇದೆ. ನಂಬಿಕೆಯ ಜೊತೆ ತಲೆಯೊಳಗೇ ವಾದ ಮಾಡುತ್ತ ಕೂತರೆ ಅದೂ ಒಂದು ಚೆಕಿಂಗ್ ಆಗಿಬಿಡುತ್ತದೆ. ಏನಾಗುತ್ತದೆ ಅಂತ ಹೆದರಿದ್ದೀರೋ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮತ್ತೆ ಚೆಕ್ ಮಾಡದೆ ಇದ್ದು, ಏನಾಯಿತು ಅಂತ ನೋಡಬೇಕು.

ಈ ಮನೆಯಲ್ಲಿ ಜಾಸ್ತಿ ಕಷ್ಟಪಟ್ಟದ್ದು ಹೆಂಡತಿ. ಗಂಡ ಕೇಳಿದರೆ 'ಗೊತ್ತಿಲ್ಲ ರೀ' ಅನ್ನಬೇಕು ಎಂದು ಮೂವರೂ ಕೂತು ಮಾತಾಡಿಕೊಂಡಿದ್ದೆವು. 'ಆಫ್ ಆಗಿರೋದನ್ನ ನಾನೇ ನೋಡಿರ್ತೀನಿ, ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ ಡಾಕ್ಟ್ರೇ?' ಅಂತ ಅವರ ತಕರಾರು. ನ್ಯಾಯವೇ. ಕೊನೆಗೆ 'ಇದಕ್ಕೆ ಉತ್ತರ ಹೇಳಬಾರದು ಅಂತ ಮಾತಾಗಿದೆ' ಎಂಬಲ್ಲಿಗೆ ಬಂದು ನಿಂತೆವು. ಮೊದಲ ಕೆಲವು ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ, ಒಂದು ಜಗಳವೂ ಆಯಿತು. ಇದನ್ನು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಈಗಲೂ ಅವರು ಒಮ್ಮೊಮ್ಮೆ ಎದ್ದು ಹೋಗಿ ನೋಡುವುದುಂಟು. ಫೋಟೋ ತೆಗೆಯುವುದು ನಿಂತಿದೆ.

'ಈ ಹುಡುಗನ ಜೊತೆ ಮಗಳು ಸುಖವಾಗಿ ಇರ್ತಾಳೆ ಅಲ್ವಾ' ಅಂತ ಕೇಳಿದ ತಾಯಿಯ ಕಥೆಯೂ ಇಂಥದ್ದೇ. ದೇವರ ಮುಂದೆ ಹೂ ಪ್ರಸಾದ ಕೇಳಿದರು, ಬಲಗಡೆ ಬಿತ್ತು. ಸಮಾಧಾನ ಎರಡು ದಿನ. ಇನ್ನೊಂದು ದೇವಸ್ಥಾನಕ್ಕೆ ಹೋದರು, ಅಲ್ಲೂ ಬಲಗಡೆ. ಮೂರನೆಯದಕ್ಕೆ ಹೊರಟಾಗ ಅವರ ಅತ್ತೆ, 'ದೇವ್ರಿಗೇ ಪಾಟೀಸವಾಲು ಹಾಕ್ತೀಯಲ್ಲೇ!' ಅಂದರಂತೆ. ಆ ಅಜ್ಜಿಗೆ ನನ್ನ ಕುರ್ಚಿ ಬಿಟ್ಟುಕೊಡಬಹುದು. ನನಗೆ ಪ್ರಸಾದದ ಮೇಲೆ ತಕರಾರಿಲ್ಲ. ಕೇಳಿ, ಬಂದದ್ದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಬನ್ನಿ. ಎರಡನೇ ಸಲ ಕೇಳಿಸುವುದು ಭಕ್ತಿಯಲ್ಲ, ಆತಂಕ.

ಈಗ ಹೇಳಲೇಬೇಕಾದ ಕೆಲವು ಮಾತು. ಗ್ಯಾಸ್ ವಾಸನೆ ನಿಜವಾಗಿ ಬಂದರೆ ಅನಿಶ್ಚಿತತೆ ಅಂತ ಸುಮ್ಮನಿರಬೇಡಿ. ಕಿಟಕಿ ತೆಗೆಯಿರಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಎದೆನೋವು ಬಂದರೆ ಮೊದಲು ಇಸಿಜಿ, ಆಮೇಲೆ ನಾನು. ಮನೆಯಲ್ಲಿ ಹೊಡೆತ ತಿನ್ನುವವರಿಗೆ 'ಅನಿಶ್ಚಿತತೆ ಒಪ್ಪಿಕೊಳ್ಳಿ' ಎಂದು ಹೇಳುವುದು ಕ್ರೌರ್ಯ. ಅವರಿಗೆ ಬೇಕಾದದ್ದು ಸುರಕ್ಷಿತ ಜಾಗ. ಗೀಳು ಜೋರಾಗಿದ್ದರೆ ಮಾತಿನ ಚಿಕಿತ್ಸೆಯ ಜೊತೆ ಮಾತ್ರೆಯೂ ಬೇಕಾಗಬಹುದು. ಅದನ್ನು ಮನೋವೈದ್ಯರು ತೀರ್ಮಾನಿಸುತ್ತಾರೆ. ನಾನು ಬರೆದದ್ದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ-ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಯವರನ್ನೂ ಕರೆದುಕೊಂಡು ಬನ್ನಿ. ರಾತ್ರಿ ಪ್ರಶ್ನೆಗೆ ಉತ್ತರ ಹೇಳುವವರು ಅವರೇ ತಾನೆ.